ಸಾಲಿ ಗಾಡಿ ಡ್ರೈವರನ ನಿದ್ದಿ

ರಾತ್ರಿ ಹಾಸಗಿ ಕಂಡ್ರ ಎದಿ ಡವಡವ ಅನ್ನಾವ್ರಿಗಿ ಇದನ್ನ ಬರಿಯಾಕತ್ತೀನಿ. ದಿಂಬಿಗಿ ತಲಿ ಕೊಟ್ಟ ಕೂಡ್ಲೆ ಗೊರಕಿ ಹೊಡಿಯಾವ್ರು ಓದದಿದ್ರೂ ನಡಿತೈತಿ. ಅವ್ರಿಗಿ ಇದು ತಿಳಿಯಂಗಿಲ್ಲ. ನಮ್ಮ ಅಣ್ಣಗ ಇನ್ನೂತನಕ ತಿಳದಿಲ್ಲ.

ಮೊಬೈಲದಾಗ ಒಂದ ಬೆರಳಿಲೆ ಬರಿತೀನಿ, ಅದಕ್ಕ ಭಾಳ ಹೊತ್ತ ಹಿಡಿತೈತಿ. ನಾ ಸಾಲಿ ಕಲ್ತದ್ದೂ ತಡಾನ. ನಾಕನೇತ್ತಾ ತನಕ ಕನ್ನಡ ಸಾಲಿ, ಆಮ್ಯಾಲ ದ್ರಾಕ್ಷಿ ತ್ವಾಟ. ಹತ್ತನೇತ್ತಾ ಪರೀಕ್ಷಾ ಮರಾಠಿ ಒಳಗ ಬರದಾಗ ನನಗ ಲಗ್ನ ಆಗಿ ಮಗಳು ಅಂಬೆಗಾಲ ಇಡ್ತಿದ್ಳು. ತಪ್ಪ ಕಂಡ್ರ ತಿದ್ದಿಕೊಂಡ ಓದ್ರಿ.

ನನ್ನ ಹೆಸರು ಗುರುಪಾದ. ಮನಿ ಜತ್ತದಾಗ, ಮಹಾರಾಷ್ಟ್ರದ ಗಡಿ ಊರು. ಶೇಗಾಂವದಿಂದ ಜತ್ತ ಸಾಲಿಗಿ ಹುಡುಗ್ರನ್ನ ತರು ಗಾಡಿ ನಂದು. ದಿನಾ ಮುಂಜಾನಿ ಖಾಲಿ ಗಾಡಿ ಒಯ್ಯೋದು, ತುಂಬಿಸ್ಕೊಂಡ ಬರೋದು, ಸಂಜಿಗಿ ಮತ್ತ ಬಿಟ್ಟ ಬರೋದು. ಹುಡುಗ್ರು ನನಗ ಮಾಮಾ ಅಂತಾವ.

ನಿದ್ದಿ ಹೆಂಗ ಹೋತು ಅನ್ನೋದನ್ನ ಮೊದಲ ಹೇಳ್ತೀನಿ. ನಮ್ಮ ಅಣ್ಣ ಸಿದ್ದಪ್ಪಂದು ಶೇಗಾಂವ ದಾರ್ಯಾಗ ದ್ರಾಕ್ಷಿ ತ್ವಾಟ ಐತಿ, ಅಲ್ಲೇ ಬೇದಾಣಾ ಶೆಡ್ ಐತಿ. ಹಸಿ ದ್ರಾಕ್ಷಿ ಜಾಳಗಿ ಮ್ಯಾಲ ಹರವಿ ಒಣಗಿಸಿ ಒಣದ್ರಾಕ್ಷಿ ಮಾಡತಾರಲ್ಲ, ಅಂಥಾ ಶೆಡ್. ಮ್ಯಾಲ ಛಾವಣಿ, ಸುತ್ತಲೂ ಬಯಲ, ಗಾಳಿ ಆಡಬೇಕಲ್ಲ. ಮಾಲ ಒಣಾಕ ಹಾಕಿದ ಮ್ಯಾಲ ನಮಗ ಕಳ್ಳರ ಅಂಜಿಕಿ ಇಲ್ಲ, ಮಳಿ ಅಂಜಿಕಿ. ನಾಕ ಹನಿ ಅಡ್ಡ ಬಡದ್ರ ಸಾಕು, ಬಂಗಾರ ಬಣ್ಣದ ಮಾಲ ಕರ್ರಗ ಆಗ್ತೈತಿ. ಅದಕ್ಕ ಹವಾ ಬದ್ಲಾತು ಅಂದ್ರ ಓಡಿ ಹೋಗಿ ಸುತ್ತಲೂ ತಾಡಪತ್ರಿ ಇಳಿಬಿಡಬೇಕು. ಆ ಕಾವಲ ನಂದು. ಹಗಲಿ ಗಾಡಿ, ರಾತ್ರಿ ಶೆಡ್. ವರ್ಷಾ ವರ್ಷಾ ಕಿವಿ ತೆರಕೊಂಡ ಮಲಗಿದೆ. ಕಡೀಕ ಹಂಗಾಮ ಮುಗಿದ್ರೂ ಕಿವಿ ಮುಚ್ಚಲಿಲ್ಲ.

ಮಾಲ ಹೋತು, ಶೆಡ್ ಖಾಲಿ ಆತು, ಮನಿಗಿ ಬಂದ ಚಾದರ ಹೊತ್ಕೊಂಡೆ. ನಿದ್ದಿ ಬರಲಿಲ್ಲ. ನಾಳಿ ಬರ್ತೈತಿ ಅಂದೆ. ನಾಳಿನೂ ಬರಲಿಲ್ಲ. ಆಮ್ಯಾಲ ಆಮ್ಯಾಲ ಹೊತ್ತ ಮುಳುಗಾಕತ್ತಿದ್ರ ಅಂಜಿಕಿ ಚಾಲೂ ಆಗ್ತಿತ್ತು. ಊಟದ ತಾಟಿನ ಮುಂದ ಕುಂತಾಗ್ಲೆ ವಿಚಾರ, ಇವತ್ತ ಬರ್ತೈತೋ ಇಲ್ಲೋ. ಎರಡ ತುತ್ತ ತಿಂದ ಎದ್ದ ಬಿಡ್ತಿದ್ದೆ. ಅವ್ವ ಹಾಲಿನ್ಯಾಗ ಜಾಜಿಕಾಯಿ ತೇದ ಕೊಟ್ಳು. ನನ್ನ ಹೆಂಡ್ತಿ ಕಸ್ತೂರಿ ಅಂಗಾಲಿಗಿ ಕೊಬ್ಬರಿ ಎಣ್ಣಿ ತಿಕ್ಕಿದ್ಳು. ಅಣ್ಣ ಮಾತ್ರ ನಕ್ಕ.

“ಕುಂತ ಗಾಡಿ ಹೊಡಿತಿ, ಮೈ ಎಲ್ಲಿ ದಣೀಬೇಕು? ನಾಕ ದಿನ ಸನಿಕಿ ಹಿಡಿ ಬಾ, ಬಿದ್ದಲ್ಲೇ ನಿದ್ದಿ ಬರ್ತೈತಿ.”

ಹಿಡದೆ. ಮೈ ನೋವಾತು, ನಿದ್ದಿ ಬರಲಿಲ್ಲ.

ದೀಪಾವಳಿ ಸೂಟಿ ಮುಗದ ಸಾಲಿ ಚಾಲೂ ಆಗಿತ್ತು. ಮುಂಜಾನಿ ಹುಡುಗ್ರನ್ನ ತುಂಬಿಸ್ಕೊಂಡ ಬರಾಕತ್ತಿದ್ದೆ. ಹಿಂದ ಎಲ್ಲಾರೂ ಕೂಡಿ ಪಾಢೆ ಅನ್ನಾಕತ್ತಿದ್ರು, ಮಗ್ಗಿ. ಏಳರ ಮಗ್ಗಿ ಕೇಳಿದ್ದ ನೆನಪ ಐತಿ. ಎಂಟರದು ಕೇಳಿಲ್ಲ.

“ಮಾಮಾ! ಮಾಮಾ! ಗಾಡಿ ಹೊಲದಾಗ ಹೊಂಟೈತಿ!”

ಮುಂದಿನ ಸೀಟಿನ್ಯಾಗ ಕುಂತ ಹುಡುಗಿ ಚೀರಿದ್ಳು. ಕಣ್ಣ ತಗದ್ರ ಎದುರಿಗಿ ತೊಗರಿ ಗಿಡ. ಬ್ರೇಕ್ ಒತ್ತಿದೆ. ಗಾಡಿ ಅಡ್ಡ ಆಗಿ ನಿಂತ್ತು. ಯಾರಿಗೂ ಏನೂ ಆಗಲಿಲ್ಲ. ಒಂದ ಹುಡುಗನ ಡಬ್ಬಿ ಬಿದ್ದ ಚಪಾತಿ ಚೆಲ್ಲಿದ್ವು, ಒಂದಿಬ್ರು ಜೋಕಾಲಿ ಆಡಿದಂಗ ನಕ್ರು. ನಾ ಸ್ಟೇರಿಂಗ್ ಬಿಡಾಕ ನೋಡಿದೆ, ಬೆರಳ ಬಿಚ್ಚಲಿಲ್ಲ. ಇನ್ನ ಸ್ವಲ್ಪ ಮುಂದ ಹಳ್ಳದ ಸೇತುವಿ ಇತ್ತು. ಇವತ್ತಿಗೂ ಆ ಸೇತುವಿ ಬಂತು ಅಂದ್ರ ಅಂಗೈ ಬೆವರ್ತೈತಿ.

ಹುಡುಗ್ರು ಸಂಜಿಗಿ ಮನಿಗಿ ಹೋಗಿ ಎಲ್ಲಾ ಹೇಳಿದ್ವು. ಮುಂದಿನ ಸೀಟಿನ ಹುಡುಗಿ ಅವ್ವ ರೇಣುಕಾ, ನನ್ನ ಮನಿತನಕ ಬಂದ್ಳು. ಕುಂದ್ರಿ ಅಂದ್ರ ಕುಂದರಲಿಲ್ಲ.

“ಗುರುಪಾದಣ್ಣಾ, ನಿನಗ ಅಣ್ಣಾ ಅಂತೀನಿ ಅಂತ ಮನಿಗಿ ಬಂದೀನಿ. ಇಲ್ಲಂದ್ರ ಸೀದಾ ಸಾಲಿಗಿ ಹೋಗ್ತಿದ್ದೆ. ನಿದ್ದಿ ಇಲ್ಲದ ಮನಿಶ್ಯಾ ನನ್ನ ಹುಡುಗಿನ ಒಯ್ಯಬಾರದು. ಮೊದಲ ನಿದ್ದಿ ಮಾಡು, ಆಮ್ಯಾಲ ಬಾ.”

“ತಪ್ಪಾತವ್ವಾ,” ಅಂದೆ.

“ತಪ್ಪ ಅಂತ ಯಾರ ಅಂದ್ರು? ನಿದ್ದಿ ಮಾಡು ಅಂದೆ.”

ಮರದಿನ ಗಾಡಿ ಚಾವಿ ಮಿಲಿಂದಗ ಕೊಟ್ಟೆ. ಮಿಲಿಂದ ನಮ್ಮ ಓಣ್ಯಾಗಿನ ಹುಡುಗ, ಟ್ರ್ಯಾಕ್ಟರ್ ಹೊಡಿತಾನ, ಲೈಸನ್ಸ್ ಐತಿ. “ಗುರುದಾದಾ, ಚಾವಿ ನಿಮ್ಮದ. ನಾ ಇಟ್ಕೊಂಡಿರ್ತೀನಿ ಅಷ್ಟ,” ಅಂದ.

ಕಸ್ತೂರಿ ಹೇಳಿದ್ಳು, “ಮಿರಜಿಗಿ ಹೋಗೂನ್ರಿ. ಮನಸಿನ ಡಾಕ್ಟರಗ ತೋರ್ಸೂನ.” ಹೋದ್ರ ಬೋರ್ಡ ಮ್ಯಾಲ ಮಾನಸಿಕ ರೋಗದ ಡಾಕ್ಟರ ಅಂತ ಬರದಿತ್ತು. ಮನಿಂದ ಬರು ಮುಂದ ಅವ್ವ ಬಾಗಲದಾಗ ನಿಂತ, “ನಮ್ಮ ಮನಿತನದಾಗ ಯಾರಿಗೂ ಹುಚ್ಚ ಹಿಡದಿಲ್ಲಪಾ,” ಅಂತ ಅತ್ತಿದ್ಳು. ಅದ ಮಾತ ತಲ್ಯಾಗ ಇಟ್ಕೊಂಡ ಬೆಂಚಿನ ಮ್ಯಾಲ ಕುಂತೆ. ಎದುರಿಗಿ ಒಬ್ರು ಪೇಪರ ಮಾರಿಗಿ ಹಿಡ್ಕೊಂಡ ಕುಂತಿದ್ರು. ಪೇಪರ ಸ್ವಲ್ಪ ಇಳೀತು. ನೋಡಿದ್ರ ಜತ್ತ ಪ್ಯಾಟ್ಯಾಗ ಅರಬಿ ಅಂಗಡಿ ಇಟ್ಟ ಸಾವಕಾರ್ರು!

“ಏನೋ ಗುರುಪಾದ, ಯಾರಿಗಿ ತೋರ್ಸಾಕ ಬಂದಿ?”

“ಇಕಿಗ್ರಿ ಸಾವಕಾರ. ಸ್ವಲ್ಪ ಆರಾಮ ಇಲ್ಲ.”

ಕಸ್ತೂರಿ ನನ್ನ ನೋಡಿದ್ದ ನೋಟ ನಾ ಸಾಯೂತನಕ ಮರಿಯಂಗಿಲ್ಲ. ಸೆರಗ ಸರಿ ಮಾಡ್ಕೊಂಡು, “ನೀವ್ ಯಾರ್ನ ಕರಕೊಂಡ ಬಂದೀರ್ರಿ?” ಅಂತ ಅವ್ರಿಗಿ ಕೇಳಿದ್ಳು.

“ನಮ್ಮ ಪಾವ್ಣ್ಯಾರ್ನವ್ವಾ. ಚಾ ಕುಡಿಯಾಕ ಹೊರಗ ಹೋಗ್ಯಾರ.”

ಅಷ್ಟರಾಗ ಒಳಗಿಂದ ಸಾವಕಾರ್ರದ ಹೆಸರು ಕೂಗಿದ್ರು. ಅವ್ರು ಪೇಪರ ಮಡಚಿ ಇಟ್ಟು ಒಬ್ರ ಒಳಗ ಹೋದ್ರು. ಅವ್ರು ಹೊರಗ ಬರೂದ್ರಾಗ ನನ್ನ ಹೆಸರು ಕೂಗಿದ್ರು, ನಾ ಎದ್ದ ನಿಂತೆ. ಇಬ್ರೂ ಒಬ್ಬರ ಮಾರಿ ಒಬ್ರು ನೋಡಿದ್ವಿ. ಅವ್ರು ನನ್ನ ಹೆಗಲ ಮ್ಯಾಲ ಕೈ ಇಟ್ರು, ಒಂದ ಸಲ ಒತ್ತಿದ್ರು, ಹೋದ್ರು. ಆ ಕೈಯಿಂದ ಒಳಗ ಹೋಗಾಕ ಧೈರ್ಯ ಬಂತು.

“ನನಗ ಏನಾಗೇತ್ರಿ? ಹೇಳ್ರಿ ಮತ್ತ ಡಾಕ್ಟರಗ,” ಅಂತ ಕಸ್ತೂರಿ ಬಾಗಲದಾಗ ಚಿವುಟಿದ್ಳು.

ಡಾಕ್ಟರ ಮರಾಠಿ ಮಾತಾಡಿದ್ರು, ನಾ ಕನ್ನಡದಾಗ ಬರಿತೀನಿ. ಭಾಳ ಸಮಾಧಾನದಿಂದ ಕೇಳಿದ್ರು. ರಕ್ತ ನೋಡಿದ್ರು, ಬೀಪಿ ನೋಡಿದ್ರು. “ನಿದ್ದಿ ಬರಂಗಿಲ್ಲ ಅಂತ ಅಂಜಿ ಅಂಜಿ ನೀವ ನಿದ್ದಿನ್ನ ಓಡಿಸ್ತೀರಿ,” ಅಂದ್ರು. ಗುಳಿಗಿ ಬರದ ಕೊಟ್ರು. ನನಗ ಹಿಗ್ಗಾತು. ಆದ್ರ ಮುಂದಿನ ಮಾತಿಗಿ ಹಿಗ್ಗ ಇಳೀತು.

“ಇದು ಸ್ವಲ್ಪ ದಿನಕ್ಕ ಅಷ್ಟ. ಇದನ್ನ ನುಂಗಿ ಮುಂಜಾನಿ ಹುಡುಗ್ರ ಗಾಡಿ ಹೊಡಿಯಾಂಗಿಲ್ಲ.”

“ಗುಳಿಗಿ ಇಲ್ಲಂದ್ರ ನಿದ್ದಿ ಇಲ್ಲ, ಗುಳಿಗಿ ನುಂಗಿದ್ರ ಗಾಡಿ ಇಲ್ಲ. ಹಂಗಾರ ನಾ ಗಾಡಿ ಹೊಡಿಯೂದ ಯಾವಾಗ್ರಿ?”

“ಗುಳಿಗಿ ಬಿಟ್ಟ ಮ್ಯಾಲೂ ನಿದ್ದಿ ಬರಾಕತ್ತಿದಾಗ,” ಅಂದ್ರು. ಅದಕ್ಕ ಕಲೀಬೇಕಾದ್ದ ಬ್ಯಾರೆ ಐತಿ ಅಂತ ಹೇಳಿ, ಶನಿವಾರ ಮಧ್ಯಾಹ್ನ ಹಿಂದಿನ ಹಾಲ್‌ನ್ಯಾಗ ಒಬ್ಬ ಮ್ಯಾಡಮ್ ನಾದಸ್ನಾನ ಅಂತ ಮಾಡಿಸ್ತಾರ, ಮೈ ಸಡ್ಲ ಬಿಡೂದ ಕಲಸ್ತಾರ, ಬರ್ರಿ ಅಂದ್ರು.

ಸ್ನಾನ ಅಂದ್ರಲ್ಲ, ಟಾವೆಲ್ ತಗೊಂಡ ಹೋಗಿದ್ದೆ. ನೀರ ಇರಲಿಲ್ಲ. ನೆಲದ ಮ್ಯಾಲ ಚಾಪಿ, ನಡುವ ಕಂಚಿನ ಬಟ್ಟಲ, ಸಣ್ಣವು, ದೊಡ್ಡವು. ಪುಣೆ ಕಡಿ ಮ್ಯಾಡಮ್, ಬೆಳ್ಳನ ಸೀರಿ. ಗುರ್ತ ಇಲ್ಲದ ಮಂದಿ ನಡುವ ಅಂಗಾತ ಮಲಗಿ ಕಣ್ಣ ಮುಚ್ಚಬೇಕು. ನನ್ನ ಸಾಕ್ಸ ಹರದಿತ್ತು, ಹೆಬ್ಬಟ್ಟ ಹೊರಗ ಬಂದಿತ್ತು. ಅದರದ ಒಂದ ಚಿಂತಿ. ಮಗ್ಗಲ ಚಾಪಿ ಮ್ಯಾಲ ತಾಸಗಾಂವ ಕಡಿ ಒಬ್ಬ ಕಾಕಾ, ಪಟಕಾ ಬಿಚ್ಚಿ ತಲಿಗಿ ಇಟ್ಕೊಂಡ ಮಲಗಿದ್ರು.

ಮ್ಯಾಡಮ್ ದೊಡ್ಡ ಬಟ್ಟಲಕ್ಕ ಅರಬಿ ಸುತ್ತಿದ ಕೋಲಲೆ ಹೊಡದ್ರು. ನಾದ ಕಿವಿಗಿ ಬರೂಕಿಂತ ಮೊದಲ ಬೆನ್ನಿಗಿ ಬಂತು, ನೆಲದಿಂದ. ಪಕ್ಕೆಲುಬಿನ್ಯಾಗ ಗುಂಯ್ ಅಂತು. ಅದು ನಿಂತ್ತು ಅನ್ನೂದ್ರಾಗ ಇನ್ನೊಂದು. ನನ್ನ ಹಲ್ಲ ಕಚ್ಚಿದ್ದು ನನಗ ಆವಾಗ ಗೊತ್ತಾತು. ಎಷ್ಟ ದಿನದಿಂದ ಕಚ್ಚಿದ್ನೋ ಏನೋ, ದವಡಿ ತಾನ ಸಡ್ಲಾತು. ಕಣ್ಣಾಗ ನೀರ ಬಂದು ಕಿವಿ ಕಡಿ ಹರದ್ವು. ಬಿಡು, ಯಾರ ನೋಡತಾರ ಅಂತ ಬಿಟ್ಟೆ. ನಿದ್ದಿ ಅಲ್ಲ, ಆದ್ರ ನಿದ್ದಿ ಮನಿ ಅಂಗಳದಾಗ ಬಂದ ನಿಂತಂಗ ಆಗಿತ್ತು.

ಆವಾಗ ಮಳಿ ಬಂತು.

ಮೊದಲ ದೂರ, ತಟಪಟ. ಆಮ್ಯಾಲ ಜೋರ, ತಗಡಿನ ಮ್ಯಾಲ ಬಿದ್ದಂಗ.

“ಅಣ್ಣಾ, ತಾಡಪತ್ರಿ!” ಅಂತ ಒದರಿ ಎದ್ದ ಬಾಗಲ ಕಡಿ ಓಡಿದೆ. ನನ್ನ ಹಿಂದ ಇನ್ನೊಬ್ರು ಓಡಾಕತ್ತಿದ್ರು. “ಪಾಊಸ್! ಪಾಊಸ್ ಆಲಾ!” ಮಳಿ ಬಂತು ಅಂತ ಮರಾಠಿ ಒಳಗ ಒದರಾವ್ರು ಅದ ಕಾಕಾ. ಪಟಕಾ ನೆಲಕ್ಕ ಎಳದಾಡಾಕತ್ತಿತ್ತು.

ಬಾಗಲ ತಗದ್ರ ಹೊರಗ ರಣರಣ ಬಿಸಲು.

ತಿರುಗಿ ನೋಡಿದ್ರ ಮ್ಯಾಡಮ್ ಕೈಯಾಗ ಒಂದ ಉದ್ದನ ಕೊಳವಿ. ಒಳಗ ಕಾಳ ತುಂಬಿದ್ರು. ಹೊರಳಿಸಿದ್ರ ಮಳಿ ಸಪ್ಪಳ ಬರ್ತೈತಿ. ಎಲ್ಲಾರಿಗೂ ಹಿತಾ ಅನಸಲಿ ಅಂತ ಕಡೀಕ ಅದನ್ನ ಹೊರಳಸ್ತಾರಂತ. ಎಲ್ಲಾ ಮಂದಿ ಎದ್ದ ಕುಂತ ನಮ್ಮಿಬ್ರನ್ನ ನೋಡಾಕತ್ತಿದ್ರು. ಮ್ಯಾಡಮ್ ಮಾರಿ ಬೆಳ್ಳಗ ಆಗಿತ್ತು.

ಕಾಕಾ ಪಟಕಾ ಸುತ್ತಿಕೊಂತ ನನಗ ಕೇಳಿದ್ರು, “ಬೇದಾಣಾ?”

“ಹೌದ್ರಿ. ನಿಮ್ಮದೂ?”

“ನಂದೂ.” ಆಮ್ಯಾಲ ಅವ್ರು ಮ್ಯಾಡಮ್ ಕಡಿ ಹೊಳ್ಳಿ, “ಬಾಯಿ, ನಿಮ್ಮ ಪುಣೆದಾಗ ಮಳಿ ಬಂದ್ರ ಭಜಿ ಕರೀತಾರ. ನಮ್ಮ ಕಡಿ ಓಡತಾರ,” ಅಂದ್ರು.

ಹಾಲ್ ತುಂಬ ನಕ್ರು. ನಾನೂ ನಕ್ಕೆ. ಮ್ಯಾಡಮ್ ನಗಲಿಲ್ಲ. ಕೊಳವಿ ಕಪಾಟಿನ್ಯಾಗ ಇಟ್ಟ ಬಂದು ನನ್ನ ಚಾಪಿ ಮಗ್ಗಲ ಕುಂತ್ರು. “ನಾ ಏಕದಮ್ ಅಂಜಿದ್ನಿ. ಆದ್ರ ನೀವು ಎದ್ದದ್ದ ಚಲೋ ಆತು. ನಿಮ್ಮ ಕಿವಿ ರಾತ್ರಿ ಏನ ಕಾಯ್ತೈತಿ ಅಂತ ಈಗ ಇಬ್ರಿಗೂ ಗೊತ್ತಾತು,” ಅಂದ್ರು.

ಬಸ್ಸಿನ್ಯಾಗ ಜತ್ತ ಬರೂತನಕ ಅದ ವಿಚಾರ ಮಾಡಿದೆ. ಡಾಕ್ಟರಗ ನಾ ನಿದ್ದಿ ಇಲ್ಲ ಅಂದಿದ್ದೆ. ಕಾವಲ ಇದ್ದೀನಿ ಅಂತ ಹೇಳಿರಲಿಲ್ಲ. ನನಗ ಗೊತ್ತಿದ್ರ ತಾನ ಹೇಳೂದು? ಮುಂದಿನ ಸಲ ಹೇಳಿದೆ, ರಾತ್ರಿ ಕಾವಲ ಬಿಡ್ರಿ ಅಂದ್ರು.

ಸಂಕ್ರಾಂತಿ ಮುಂದ ಹೊಸಾ ಹಂಗಾಮ ಬರಾಕತ್ತಿತ್ತು. ಅಣ್ಣಗ ಹೇಳಬೇಕಾಗಿತ್ತು. ಅಂಜಕೊಂತನ ಹೋದೆ.

“ಅಣ್ಣಾ, ಈ ಸಲ ರಾತ್ರಿ ಕಾವಲಕ್ಕ ಬ್ಯಾರೆ ಆಳ ನೋಡು.”

“ಮನಿ ಮಾಲಕ್ಕ ಮಂದಿ ಕಾವಲನ? ನಿನಗ ಆ ಬಟ್ಟಲ ಬಾರ್ಸು ಬಾಯಿ ಹೇಳಿದ್ಳೇನ?”

“ಡಾಕ್ಟರೂ ಹೇಳ್ಯಾರ.”

“ನಿದ್ದಿ ಬರಂಗಿಲ್ಲ ಅಂತಿ. ನಿದ್ದಿ ಬರದಾಂವನ ಕಾವಲಕ್ಕ ಚಲೋ ಅಲ್ಲೇನ?”

ಮೊದಲ ಸಲ ಅಣ್ಣಗ ಎದುರು ಮಾತಾಡಿದೆ. “ಹಗಲಿ ನನ್ನ ಗಾಡ್ಯಾಗ ಹುಡುಗ್ರು ಇರ್ತಾವ. ನಿನ್ನ ದ್ರಾಕ್ಷಿ ಕರ್ರಗಾದ್ರ ಮುಂದಿನ ವರ್ಷ ಮತ್ತ ಬರ್ತೈತಿ.” ಅಣ್ಣ ಅಡಕಿ ಕತ್ತರಸೂದ ಬಿಟ್ಟ. ಕಡೀಕ, “ಹೋಗ ಮಲ್ಕೋ ಹೋಗ. ನೋಡ್ಕೋತೀನಿ,” ಅಂದ. ಸಿಟ್ಟಿಲೆ ಅಂದ. ಆದ್ರೂ ಡಫಳಾಪುರದಿಂದ ಒಬ್ಬ ಆಳ ತಂದ ಶೆಡ್ಡಿನ್ಯಾಗ ಇಟ್ಟ.

ಮನ್ಯಾಗ ಕೇಳಾಕ ಮ್ಯಾಡಮ್ ತಮ್ಮ ಧ್ವನಿ ಮೊಬೈಲಿಗಿ ಹಾಕಿ ಕೊಟ್ಟಿದ್ರು. ಪಾದ ಸಡ್ಲ ಬಿಡ್ರಿ, ಮೊಣಕಾಲ ಸಡ್ಲ ಬಿಡ್ರಿ ಅಂತ ಮರಾಠಿ ಒಳಗ. ನಿದ್ದಿ ಮಾಡಾಕ ಅಲ್ಲ, ಮೊದಲ ಮಧ್ಯಾಹ್ನದಾಗ ರೂಢಿ ಮಾಡ್ಕೋರಿ ಅಂದಿದ್ರು. ನನಗ ಮರಾಠಿ ಚಲೋ ಬರ್ತೈತಿ. ಆದ್ರ ನನ್ನ ಮರಾಠಿ ಎಲ್ಲಾ ಪರೀಕ್ಷಾದ್ದು, ಕಚೇರಿದ್ದು. ಸ್ವಚ್ಛ ಮರಾಠಿ ಕೇಳಿದ್ರ ಸಾಹೇಬರು ಏನ ಕೇಳ್ತಾರೋ ಅಂತ ಬೆನ್ನ ನೆಟ್ಟಗ ಆಗ್ತೈತಿ. ಮ್ಯಾಡಮ್ ಮೊಣಕಾಲ ಬಿಡ್ರಿ ಅಂದ್ರ ನಾ ಮೊಣಕಾಲ ಸರಿಯಾಗಿ ಬಿಟ್ನೋ ಇಲ್ಲೋ ಅಂತ ಪರೀಕ್ಷಾ ಕೊಡ್ತಿದ್ದೆ.

ಒಂದ ರಾತ್ರಿ ಕಸ್ತೂರಿ ನೋಡಿ ನೋಡಿ ಮೊಬೈಲ ಬಂದ ಮಾಡಿದ್ಳು. “ಸುಮ್ಮ ಮಲಗ್ರಿ. ನಾ ಹೇಳ್ತೀನಿ.” ನಮ್ಮಲ್ಲಿ ಹಳೇದೊಂದ ಕಂಚಿನ ಗಂಗಾಳ ಇತ್ತು. ತೊಟ್ಟಿಲ ಹಗ್ಗಕ್ಕ ಕಟ್ಟಿ, ಸೌಟಿಗಿ ಅರಬಿ ಸುತ್ತಿ ಹೊಡದ್ಳು. ಮ್ಯಾಡಮ್ ಬಟ್ಟಲದಂಗ ಆಗಲಿಲ್ಲ. ಪಡಸಾಲ್ಯಾಗಿಂದ ಅವ್ವ ಕೂಗಿದ್ಳು, “ಏ ಕಸ್ತೂರಿ, ಹೊಲದಾಗಿನಂಗ ಮನ್ಯಾಗ ಹಕ್ಕಿ ಹೊಡಿತೀಯೇನ?”

“ಹೌದ್ರಿ ಅತ್ತಿ, ನಿಮ್ಮ ಮಗನ ತಲ್ಯಾಗ ಕುಂತಾವ.”

ಎರಡನೇ ಸಲ ಮೆಲ್ಲಕ ಹೊಡದ್ಳು. ಅದು ಗುಂಯ್ ಅಂತು. “ಹಿಮ್ಮಡ ಬಿಡ್ರಿ. ಮೊಣಕಾಲ ಬಿಡ್ರಿ. ಬೆನ್ನ ನೆಲಕ್ಕ ಕೊಟ್ಟ ಬಿಡ್ರಿ. ಹೊಟ್ಟಿ ಬಿಡ್ರಿ. ಹೊಟ್ಟಿ ಏನ ಬಿಡ್ತೀರಿ, ಅದು ಎಂದೋ ಬಿಟ್ಟೈತಿ.” ನನಗ ನಗಿ ಬಂತು. ಮನ್ಯಾಗ ಎಷ್ಟೋ ತಿಂಗಳದ ಮ್ಯಾಲ ನಕ್ಕಿದ್ದೆ. “ನಗಬ್ಯಾಡ್ರಿ. ಹೆಗಲ ಬಿಡ್ರಿ. ಶೆಡ್ಡಿನ್ಯಾಗ ಆಳ ಅದಾನ. ಹುಡುಗ್ರು ತಮ್ಮ ತಮ್ಮ ಮನ್ಯಾಗ ಅದಾವ...” ಅಕಿ ಧ್ವನಿ ಸಣ್ಣಗ ಆತು, ಸೌಟ ಕೈಯಾಗಿಂದ ಜಾರಿತು. ಕುಂತಲ್ಲೇ ಗ್ವಾಡಿಗಿ ಆತು ನಿದ್ದಿ ಹೋಗಿದ್ಳು. ಆವಾಗ ನನಗ ಹೊಳೀತು, ನಾ ಎಚ್ಚರ ಇದ್ದ ರಾತ್ರಿ ಎಲ್ಲಾ ಇಕಿನೂ ಎಚ್ಚರ ಇದ್ಳು. ಗುಳಿಗಿ ಇಕಿಗಿ ಯಾರೂ ಕೊಟ್ಟಿರಲಿಲ್ಲ. ಇಕಿನ ಎಬ್ಬಸಬಾರದು ಅಂತ ಅಲುಗದ ಮಲಗಿದೆ. ಯಾವಾಗ ನಿದ್ದಿ ಹತ್ತಿತೋ ಗೊತ್ತಾಗಲಿಲ್ಲ.

ಬಟ್ಟಲದ ನಾದದಿಂದ ರೋಗ ಹೋತು ಅಂತ ನಾ ಹೇಳಂಗಿಲ್ಲ. ಗುಳಿಗಿನೂ ನುಂಗಿದೆ, ಡಾಕ್ಟರ ಹೇಳಿದಂಗ ಕಡಿಮಿ ಮಾಡಿ ಬಿಟ್ಟೆ. ಬಿಟ್ಟ ಮ್ಯಾಲ ಮತ್ತ ಕೆಟ್ಟ ರಾತ್ರಿ ಬಂದ್ವು, ಮತ್ತ ಅಂಜಿದೆ. ಶನಿವಾರ ಶನಿವಾರ ಮಿರಜಿಗಿ ಹೋದೆ. ಕಾಕಾ ಬರ್ತಿದ್ರು, “ಇವತ್ತ ಮೋಡ ಇಲ್ಲ, ಮಲಗೂಣು ಬಾ,” ಅಂತಿದ್ರು. ಮೆಲ್ಲಕ ಮೆಲ್ಲಕ ಕೆಟ್ಟ ರಾತ್ರಿಗಿಂತ ಚಲೋ ರಾತ್ರಿ ಹೆಚ್ಚಾದ್ವು. ಡಾಕ್ಟರ ಹೂಂ ಅಂದ್ರು. ಮೊದಲ ಮಿಲಿಂದನ ಮಗ್ಗಲ ಕುಂತ ಹೋಗಿ ಬಂದೆ. ಆಮ್ಯಾಲ ನಾ ಹೊಡದೆ, ಅಂವ ಮಗ್ಗಲ ಕುಂತ. ರೇಣುಕಾ ಬಾಗಲದಾಗ ನಿಂತ ನನ್ನ ಕಣ್ಣ ನೋಡತಿದ್ಳು. ಹುಡುಗಿನ ಮಾತ್ರ ಮಿಲಿಂದ ಇದ್ದ ದಿನಾನ ಕಳಸ್ತಿದ್ಳು. ನಾ ಒಬ್ನ ಹೋದ ದಿನ ಬಸ್ಸಿಗಿ ಒಯ್ತಿದ್ಳು. ಶಿವರಾತ್ರಿ ಆದ ಮ್ಯಾಲ ಒಂದಿನ ಹುಡುಗಿ ತಾನ ಬಂದ ಮುಂದಿನ ಸೀಟಿನ್ಯಾಗ ಕುಂತ್ಳು. ಅವ್ವ ಬಾಗಲದಾಗ ಇದ್ಳು, ಬ್ಯಾಡ ಅನ್ನಲಿಲ್ಲ.

ಮೊನ್ನಿ ಒಂದ ರಾತ್ರಿ ಪೂರಾ ಕೆಡ್ತು. ಕಾರಣ ಇಲ್ಲ. ಮೋಡನೂ ಇರಲಿಲ್ಲ. ಮುಂಜಾನಿ ಕಣ್ಣಾಗ ಉಸುಕ ಚೆಲ್ಲಿದಂಗ ಆಗಿತ್ತು. ಮಾರಿ ತೊಳಕೊಂಡ, ಎರಡ ಚಾ ಕುಡದ್ರ ಹೊಡಿಬಹುದು ಅನಸ್ತು. ತೊಗರಿ ಹೊಲಕ್ಕ ಹೋದ ದಿನಾನೂ ಹಿಂಗ ಅನಸಿತ್ತು. ಮಿಲಿಂದಗ ಫೋನ ಹಚ್ಚಿದೆ. ಅಂವ ಮಾಲ ಹೇರ್ಕೊಂಡ ಸಾಂಗ್ಲಿಗಿ ಹೋಗಿದ್ದ. ಬ್ಯಾರೆ ಡ್ರೈವರ ಇಲ್ಲ. ಒಬ್ಬೊಬ್ಬರ ಮನಿಗಿ ಫೋನ ಹಚ್ಚಿ ಇವತ್ತ ಗಾಡಿ ಇಲ್ಲ ಅಂದೆ. ರೇಣುಕಾಂದು ಕಡೀಕ ಇಟ್ಟಿದ್ದೆ, ಅಂಜಿಕಿಲೆ.

“ಯಾಕಣ್ಣಾ, ಪಂಕ್ಚರ್ ಆಗೇತೇನ?”

ಹೂಂ ಅಂದ್ರ ಮುಗದ ಹೋಗ್ತಿತ್ತು. ಕಸ್ತೂರಿ ಒಲಿ ಮುಂದ ಕುಂತ ನನ್ನ ನೋಡಾಕತ್ತಿದ್ಳು.

“ಇಲ್ಲವ್ವಾ. ರಾತ್ರಿ ನನಗ ನಿದ್ದಿ ಆಗಿಲ್ಲ.”

ಆ ಕಡಿ ರೊಟ್ಟಿ ಬಡಿಯು ಸಪ್ಪಳ ನಿಂತ್ತು.

“ಇವತ್ತ ಅಕಿದ ಪರೀಕ್ಷಾ ಐತಲ್ಲೋ! ಈಗ ಹೇಳ್ತಿ? ಹಂಚಿನ ಮ್ಯಾಲ ರೊಟ್ಟಿ ಐತಿ, ಬಸ್ಸ ಹೊಂಡು ಹೊತ್ತಾತು, ನಾ ಏನ ಹಾರಿ ಹೋಗ್ಲೇನ?” ಬೈಕೊಂತನ ಫೋನ ಇಟ್ಳು.

ಗಾಡಿ ಬಾಗಲದಾಗ ನಿಂತಿತ್ತು. ನಾ ಕಟ್ಟಿ ಮ್ಯಾಲ ಕುಂತೆ. ಮುಗೀತು, ಇನ್ನ ಆ ಹುಡುಗಿ ನನ್ನ ಗಾಡಿ ಹತ್ತಂಗಿಲ್ಲ ಅಂತ ಕುಂತೆ. ಕಸ್ತೂರಿ ಚಾ ತಂದಿಟ್ಳು, ಆರಿ ಹೋತು.

ಸ್ವಲ್ಪ ಹೊತ್ತಿಗಿ ಫೋನ ಬಂತು. ಬಸ್ಸಿನ ಗದ್ದಲದಾಗ ರೇಣುಕಾ ಒದರಾಕತ್ತಿದ್ಳು.

“ಬಸ್ಸ ಸಿಕ್ಕೈತಿ. ಕೇಳಸ್ತೈತೇನ? ನಾಳಿಗಿ ನೀನ ಬಾ. ಬ್ಯಾರೆ ಡ್ರೈವರ ಯಾರ್ನೂ ಕಳಸಬ್ಯಾಡ, ನೀನ ಬಾ.”